ಸೀಸದ ಜಿಗ್ ಅಚ್ಚಿನ ಕಿಟ್ ಬಗ್ಗೆ ದೂರು: ಸಿಲಿಕೋನ್ ಸೀಸಕ್ಕೆ ಆಗದು, ಸೂಚನೆಯ ಹಾಳೆ ಅಪಾಯಕಾರಿ

ಗೆ,
ಮುಖ್ಯಸ್ಥರು, ಗ್ರಾಹಕ ದೂರು ವಿಭಾಗ

ವಿಷಯ: ಮನೆಯಲ್ಲಿ ಸೀಸದ ಜಿಗ್ ಎರಕ ಹೊಯ್ಯಲು ನೀವು ಮಾರುತ್ತಿರುವ ಅಚ್ಚಿನ ಕಿಟ್‌ನ ದೋಷಗಳು

ಮಾನ್ಯರೇ,

ಮೀನು ಹಿಡಿಯುವ ಜಿಗ್‌ಗಳನ್ನು, ಅಂದರೆ ಸೀಸದ ತಲೆ ಇರುವ ಗಾಳಗಳನ್ನು, ನಾನೇ ಎರಕ ಹೊಯ್ದುಕೊಳ್ಳುತ್ತೇನೆ. ಇಷ್ಟು ದಿನ ಅಲ್ಯೂಮಿನಿಯಂ ಅಚ್ಚು ಬಳಸುತ್ತಿದ್ದೆ. ನನಗೆ ಬೇಕಾದ ಆಕಾರದ ತಲೆ ಅದರಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಅಚ್ಚನ್ನೂ ನಾನೇ ಮಾಡೋಣ ಅಂತ ನಿಮ್ಮ ಕಿಟ್ ತರಿಸಿಕೊಂಡೆ. ಡಬ್ಬದ ಮೇಲೆ ‘ಸೀಸದ ಜಿಗ್‌ಗಳಿಗಾಗಿ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೀರಿ. ಒಳಗೆ ಸಿಲಿಕೋನ್, ಪ್ಲಾಸ್ಟರ್ ಆಫ್ ಪ್ಯಾರಿಸ್, ಮಾದರಿ ಜಿಗ್, ಜೇಡಿಮಣ್ಣು ಮತ್ತು ಒಂದು ಸೂಚನೆಯ ಹಾಳೆ ಇತ್ತು. ಇದರಲ್ಲಿ ಸಿಲಿಕೋನ್ ಸೀಸದ ಕೆಲಸಕ್ಕೆ ಬರುವುದೇ ಇಲ್ಲ. ಪ್ಲಾಸ್ಟರ್ ಬರುತ್ತದೆ, ಆದರೆ ನಿಮ್ಮ ಹಾಳೆಯಲ್ಲಿ ಹೇಳಿದ ಹಾಗೆ ಮಾಡಿದರೆ ಮುಖ ಸುಟ್ಟುಕೊಳ್ಳುವುದು ಖಂಡಿತ.

ಮೊದಲು ಸಿಲಿಕೋನ್ ವಿಚಾರ. ಬಾಟಲಿಯ ಹಿಂದೆ, ಕಣ್ಣಿಗೆ ಸುಲಭವಾಗಿ ಬೀಳದಷ್ಟು ಸಣ್ಣ ಅಕ್ಷರದಲ್ಲಿ, ಗರಿಷ್ಠ ತಾಪ 200 ಡಿಗ್ರಿ ಸೆಲ್ಸಿಯಸ್ ಅಂತ ಇದೆ. ಸೀಸ ಕರಗುವುದೇ 327 ಡಿಗ್ರಿಗೆ. ಕರಗಿದ ತಕ್ಷಣ ಹೊಯ್ದರೂ ಸಾಲದು. ಗಾಳದ ಕಡ್ಡಿಯ ಸುತ್ತ ಇರುವ ಸಣ್ಣ ಸಂದಿಗೆ ಇಳಿಯುವ ಮೊದಲೇ ಅದು ಗಟ್ಟಿಯಾಗಿಬಿಡುತ್ತದೆ. ಅದಕ್ಕೇ ಇನ್ನೂ ಸ್ವಲ್ಪ ಜಾಸ್ತಿ ಕಾಯಿಸಬೇಕು. ಅಂದರೆ ನಿಮ್ಮ ಬಾಟಲಿಯೇ ಹೇಳುವ ಮಿತಿಯನ್ನು ನೂರೈವತ್ತು ಡಿಗ್ರಿಯಾದರೂ ಮೀರದೆ ಇದರಲ್ಲಿ ಒಂದು ಜಿಗ್ ಕೂಡ ಹೊಯ್ಯಲು ಆಗುವುದಿಲ್ಲ.

ಆಗಿದ್ದೂ ಹಾಗೇ. ಮೊದಲು ಬಂದ ಜಿಗ್‌ಗಳು ಚೆನ್ನಾಗಿದ್ದವು, ಮಾದರಿಯ ಕಣ್ಣಿನ ಗುಳಿ ಕೂಡ ಸ್ಪಷ್ಟವಾಗಿ ಮೂಡಿತ್ತು. ಆಮೇಲೆ ಸೀಸ ಹೊಯ್ಯುವ ಬಾಯಿಯ ಅಂಚು ಗಟ್ಟಿಯಾಗಿ, ಉಗುರು ತಾಗಿದರೆ ಪುಡಿ ಉದುರತೊಡಗಿತು. ಮೀನಿಗೆ ಆಮಿಷವಾಗಿ ಗಾಳಕ್ಕೆ ಸಿಕ್ಕಿಸುವ ರಬ್ಬರ್ ಹುಳು ಜಾರದಂತೆ ಹಿಡಿಯುವ ಸಣ್ಣ ಮುಳ್ಳಿನ ಜಾಗ ಪೂರ್ತಿ ಸೀಳಿಹೋಯಿತು. ಆ ಮುಳ್ಳಿಲ್ಲದ ಜಿಗ್ ಇಟ್ಟುಕೊಂಡು ಏನು ಮಾಡುವುದು? ಅಚ್ಚಿನ ಎರಡು ಹೋಳುಗಳ ನಡುವೆ ಸೀಸ ಸೋರಿ, ಪ್ರತಿ ತಲೆಯ ಸುತ್ತಲೂ ತೆಳುವಾದ ರೆಕ್ಕೆ ಬರಲು ಶುರುವಾಯಿತು.

ನಿಮ್ಮ ಸಹಾಯವಾಣಿಗೆ ಬರೆದೆ. ‘ಸೀಸವನ್ನು ಜಾಸ್ತಿ ಕಾಯಿಸಬೇಡಿ’ ಅಂತ ಒಂದೇ ಸಾಲಿನ ಉತ್ತರ ಬಂತು. 200 ಡಿಗ್ರಿಗೆ ಸೀಸ ಗಟ್ಟಿಯಾಗೇ ಇರುತ್ತದೆ ಸ್ವಾಮಿ, ಅದನ್ನು ಹೊಯ್ಯುವುದು ಹೇಗೆ? ಹೆಚ್ಚು ಶಾಖ ತಡೆಯುವ ಸಿಲಿಕೋನ್ ಬೇರೆಯೇ ಇದೆ, ಅದನ್ನು ನೀವು ಕೊಟ್ಟಿಲ್ಲ. ಈಗ ಕೊಟ್ಟಿರುವುದು ಕೆಟ್ಟ ಮಾಲು ಅಂತಲೂ ನಾನು ಹೇಳುತ್ತಿಲ್ಲ. 58 ಪಾಲು ಬಿಸ್ಮತ್, 42 ಪಾಲು ತವರ ಸೇರಿಸಿದ ಮಿಶ್ರಲೋಹ 138 ಡಿಗ್ರಿಗೇ ಕರಗುತ್ತದೆ. ಅದಕ್ಕೆ ಈ ಸಿಲಿಕೋನ್ ಸಾಕು, ಸೀಸದ ವಿಷದ ಕಾಟವೂ ಇರುವುದಿಲ್ಲ. ಹಾಗಿದ್ದರೆ ಡಬ್ಬದ ಮೇಲೆ ಅದನ್ನೇ ಬರೆಯಿರಿ. ಸೀಸದ ಹೆಸರು ಹೇಳಿ ಮಾರಬೇಡಿ.

ಸಿಲಿಕೋನ್‌ನಿಂದ ನನಗೆ ಆಗಿದ್ದು ಬರೀ ನಷ್ಟ. ಈ ಪತ್ರ ಬರೆಯಲು ನಿಜವಾದ ಕಾರಣ ಪ್ಲಾಸ್ಟರ್.

‘ಪ್ಲಾಸ್ಟರ್ ಗಟ್ಟಿಯಾದ ಒಂದು ಗಂಟೆಯ ನಂತರ ಅಚ್ಚು ಬಳಕೆಗೆ ಸಿದ್ಧ’ ಅಂತ ನಿಮ್ಮ ಹಾಳೆ ಹೇಳುತ್ತದೆ. ಗಟ್ಟಿಯಾಗುವುದೇ ಬೇರೆ, ಒಣಗುವುದೇ ಬೇರೆ. ಪ್ಲಾಸ್ಟರ್ ನೀರನ್ನು ಹೀರಿಕೊಂಡೇ ಗಟ್ಟಿಯಾಗುತ್ತದೆ. ಕಲಸಲು ಹಾಕಿದ ಉಳಿದ ನೀರು ಒಳಗಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಹಾಗೇ ಕೂತಿರುತ್ತದೆ. ಮೇಲೆ ಮುಟ್ಟಿದರೆ ಕಲ್ಲಿನಂತೆ ಇರುತ್ತದೆ, ತೇವ ಗೊತ್ತೇ ಆಗುವುದಿಲ್ಲ. ಅದರ ಮೇಲೆ ಕರಗಿದ ಸೀಸ ಬಿದ್ದರೆ ಆ ನೀರು ಒಂದೇ ಕ್ಷಣದಲ್ಲಿ ಹಬೆಯಾಗುತ್ತದೆ. ನೀರು ಹಬೆಯಾದರೆ ಸಾವಿರದ ಆರುನೂರು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ. ಅಚ್ಚಿನೊಳಗೆ ಅಷ್ಟು ಜಾಗ ಎಲ್ಲಿದೆ? ಸೀಸವನ್ನು ತಳ್ಳಿಕೊಂಡು ಹೊಯ್ದ ಬಾಯಿಯಿಂದಲೇ ಹೊರಗೆ ಹಾರುತ್ತದೆ.

ನನ್ನ ಕೈಯಲ್ಲಿ ಅದೇ ಆಯಿತು. ಸೌಟು ಬಗ್ಗಿಸಿದೆ, ಒಳಗೆ ಗುಳುಗುಳು ಸದ್ದು ಬಂತು, ಮರುಕ್ಷಣ ಸೀಸ ಚಟಾರನೆ ಮೇಲಕ್ಕೆ ಚಿಮ್ಮಿತು. ನಾನು ಮುಖಕ್ಕೆ ಪಾರದರ್ಶಕ ಗುರಾಣಿ, ಕೈಗೆ ಚರ್ಮದ ಗ್ಲೌಸ್, ಉದ್ದ ತೋಳಿನ ದಪ್ಪ ಅಂಗಿ ಹಾಕಿದ್ದೆ. ಸಾಸಿವೆ ಗಾತ್ರದ ಸೀಸದ ಹನಿಗಳು ಗುರಾಣಿಗೆ ಅಂಟಿ, ಅಲ್ಲೇ ಗಟ್ಟಿಯಾಗಿ ಕೂತಿವೆ. ಒಂದು ಹನಿಯಂತೂ ನೇರ ಎಡಗಣ್ಣಿನ ಎದುರಿಗೇ ಇದೆ. ಗುರಾಣಿ ಹಾಕಿಕೊಳ್ಳಿ ಅಂತ ನಿಮ್ಮ ಹಾಳೆಯಲ್ಲಿ ಒಂದು ಮಾತೂ ಇಲ್ಲ. ಹಾಳೆಯ ಚಿತ್ರದಲ್ಲಿರುವ ವ್ಯಕ್ತಿ ಬರಿಗೈಯಲ್ಲಿ ಸೌಟು ಹಿಡಿದು, ಕನ್ನಡಕವೂ ಇಲ್ಲದೆ, ಅಡುಗೆ ಒಲೆಯ ಪಕ್ಕದಲ್ಲಿ ನಿಂತಿದ್ದಾನೆ. ಇದನ್ನು ನೋಡಿ ಕಲಿಯುವವರು ಹೊಸಬರು. ಅವರ ಗತಿ ಏನು?

ಪ್ಲಾಸ್ಟರ್ ಅಚ್ಚನ್ನು ದಿನಗಟ್ಟಲೆ ಗಾಳಿಗೆ ಬಿಡಬೇಕು. ಆಮೇಲೆ ಸಣ್ಣ ಉರಿಯಲ್ಲಿ, ಅಡುಗೆಗೆ ಬಳಸದ ಓವನ್‌ನಲ್ಲಿ, ಗಂಟೆಗಟ್ಟಲೆ ಕಾಯಿಸಿ ನೀರು ತೆಗೆಯಬೇಕು. ಅವಸರದಲ್ಲಿ ಶಾಖ ಏರಿಸಿದರೆ ಅಚ್ಚು ಬಿರುಕು ಬಿಡುತ್ತದೆ. ಒಣಗಿದೆಯೋ ಇಲ್ಲವೋ ಅಂತ ತಿಳಿಯಲು ತಕ್ಕಡಿಯೇ ಸಾಕು: ಆಗಾಗ ತೂಗಿ ನೋಡುತ್ತಿರಬೇಕು, ತೂಕ ಇಳಿಯುವುದು ನಿಂತ ಮೇಲೇ ಸೀಸ ಮುಟ್ಟಬೇಕು. ಇಷ್ಟನ್ನು ನಾಲ್ಕು ಸಾಲಿನಲ್ಲಿ ಹೇಳಬಹುದಿತ್ತು, ಅಲ್ವಾ? ಹಾಳೆಯ ಅರ್ಧ ಪುಟವನ್ನು ನಿಮ್ಮ ಬೇರೆ ಸಾಮಾನುಗಳ ಜಾಹೀರಾತಿಗೆ ಕೊಟ್ಟಿದ್ದೀರಿ.

ಸೀಸದ ವಿಷದ ಬಗ್ಗೆಯೂ ಹಾಳೆ ಸುಮ್ನೆ ಇದೆ. ದೇಹಕ್ಕೆ ಇಷ್ಟು ಸೀಸ ಸೇರಿದರೆ ತೊಂದರೆಯಿಲ್ಲ ಅನ್ನುವ ಮಿತಿಯೇ ತಿಳಿದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಿಕ್ಕ ಮಕ್ಕಳ ಮಿದುಳಿಗೆ ಅದರಿಂದ ಆಗುವ ಹಾನಿ ವಾಸಿಯಾಗುವಂಥದ್ದಲ್ಲ. ಕರಗಿದ ಸೀಸದ ಮೇಲೆ ಕಟ್ಟುವ ಬೂದು ಕೆನೆಯ ಪುಡಿ ಕೈಗೆ, ಬಟ್ಟೆಗೆ ಅಂಟಿ ಮನೆಯೊಳಗೆ ಬರುತ್ತದೆ. ಗಾಳಿಯಾಡುವ ಹೊರಗಿನ ಜಾಗ, ಬೇರೆಯೇ ಪಾತ್ರೆ, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು, ಆ ಬಟ್ಟೆಯನ್ನು ಬೇರೆ ಒಗೆಯುವುದು, ಇವನ್ನು ಹೇಳದೆ ಅಡುಗೆ ಒಲೆಯ ಚಿತ್ರ ಹಾಕಿದ್ದು ದೊಡ್ಡ ತಪ್ಪು.

ಕಿಟ್‌ನ ಮಾದರಿ ಜಿಗ್ ಚೆನ್ನಾಗಿದೆ, ಜೇಡಿಮಣ್ಣೂ ಚೆನ್ನಾಗಿದೆ. ಪ್ಲಾಸ್ಟರ್ ತುಂಬಾ ನಯ. ಚೆನ್ನಾಗಿ ಒಣಗಿಸಿ ಮತ್ತೆ ಮಾಡಿದ ಅಚ್ಚಿನಲ್ಲಿ ಈಗಲೂ ಒಳ್ಳೆಯ ಜಿಗ್ ಬರುತ್ತಿದೆ.

ನನಗೆ ಪೂರ್ತಿ ಹಣ ವಾಪಸ್ ಕೊಡಿ. ಸರಿಯಾದ ಸಿಲಿಕೋನ್ ಹಾಕುವ ತನಕ ‘ಸೀಸಕ್ಕಾಗಿ’ ಅನ್ನುವ ಮಾತನ್ನು ಡಬ್ಬದಿಂದ ತೆಗೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಈ ಕಿಟ್ ಈಗಾಗಲೇ ಕೊಂಡವರ ವಿಳಾಸ ನಿಮ್ಮ ಬಳಿ ಇದೆ. ಒಣಗದ ಪ್ಲಾಸ್ಟರ್‌ಗೆ ಸೀಸ ಹೊಯ್ಯಬೇಡಿ ಅಂತ ಅವರೆಲ್ಲರಿಗೂ ಈ ವಾರವೇ ತಿಳಿಸಿ. ಹಣ ತಡವಾದರೆ ಕಾಯುತ್ತೇನೆ, ಇದು ಮಾತ್ರ ತಡವಾಗಬಾರದು.

ಸೀಳಿದ ಸಿಲಿಕೋನ್ ಅಚ್ಚು, ಸೀಸ ಅಂಟಿದ ಗುರಾಣಿ ಮತ್ತು ನಿಮ್ಮ ಹಾಳೆಯ ಫೋಟೋಗಳನ್ನು ಲಗತ್ತಿಸಿದ್ದೇನೆ. ನಿಮ್ಮ ತಾಂತ್ರಿಕ ವಿಭಾಗದವರು ನೋಡಬೇಕೆಂದರೆ ಆ ಸಾಮಾನುಗಳನ್ನೂ ಕಳಿಸುತ್ತೇನೆ. 15 ದಿನದೊಳಗೆ ಲಿಖಿತ ಉತ್ತರ ಕೊಡಿ.

ಇಂತಿ,
ನಿಮ್ಮ ಗ್ರಾಹಕ