ಡಿಶ್‌ನಲ್ಲಿ ಸತ್ತಿದ್ದು ಸೆಲ್ಲು, ಅದನ್ನ ಹೆಡ್‌ಲೈನಲ್ಲೇ ಹೇಳಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ವಿಟಮಿನ್ ಡಿ ಸ್ತನ ಕ್ಯಾನ್ಸರನ್ನ ಕೊಲ್ಲುತ್ತೆ ಅಂತ ದಪ್ಪಕ್ಷರದಲ್ಲಿ ಹಾಕಿದ್ರಲ್ಲ, ಒಳಗೆ ಸುಳ್ಳು ಅಂತ ಏನೂ ಇರ್ಲಿಲ್ಲ, ಆದ್ರೆ ಪ್ರಯೋಗ ಮಾಡಿದ್ದು ಮನುಷ್ಯರ ಮೇಲಲ್ಲ, ಲ್ಯಾಬಿನ ಡಿಶ್‌ನಲ್ಲಿ ಬೆಳೆಸಿದ ಸೆಲ್‌ಗಳ, ಅಂದ್ರೆ ಜೀವಕೋಶಗಳ ಮೇಲೆ ಅನ್ನೋದು ಕೊನೇ ಪ್ಯಾರಾದಲ್ಲಿ ಅರ್ಧ ಸಾಲಿಗೆ ಮುಗಿದುಹೋಗಿತ್ತು. ಅಲ್ಲಿವರೆಗೂ ಓದೋರು ಎಷ್ಟು ಜನ ಹೇಳಿ.

ನಾನು ಸೆಲ್ ಕಲ್ಚರ್ ಲ್ಯಾಬಲ್ಲಿ ಟೆಕ್ನಿಷಿಯನ್ ಆಗಿದ್ದೋಳು, ಈ ಪ್ರಯೋಗ ಕೈಯಾರೆ ಮಾಡಿದೀನಿ. ಬಳಸೋದು ಹೆಚ್ಚಾಗಿ ಎಂಸಿಎಫ್-7 ಅನ್ನೋ ಸೆಲ್, 1970ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕ್ಯಾನ್ಸರ್ ಇದ್ದ ಒಬ್ಬ ಕ್ರೈಸ್ತ ಸನ್ಯಾಸಿನಿಯ ಎದೆಯಲ್ಲಿ ತುಂಬಿದ್ದ ನೀರಿಂದ ತೆಗೆದಿದ್ದು, ಆಯಮ್ಮ ತೀರ್ಕೊಂಡು ಅರ್ಧ ಶತಮಾನ ಆಯ್ತು, ಸೆಲ್ ಮಾತ್ರ ಇವತ್ತಿಗೂ ಪ್ರಪಂಚದ ಎಲ್ಲಾ ಕಡೆ ಬೆಳೀತಾನೇ ಇದೆ. ಡಿಶ್‌ಗೆ ಹಾಕಿ 37 ಡಿಗ್ರಿಲಿ ಇಟ್ಟು ಕ್ಯಾಲ್ಸಿಟ್ರಯಾಲ್ ಅಂದ್ರೆ ವಿಟಮಿನ್ ಡಿಯ ಕೆಲಸ ಮಾಡೋ ರೂಪ, ಅದನ್ನ ಆಲ್ಕೋಹಾಲಲ್ಲಿ ಕರಗಿಸಿ ಹಾಕ್ತೀವಿ, ಬೆಳಕಿಗೆ ಕೆಡುತ್ತೆ ಅಂತ ಲೈಟ್ ಆರಿಸ್ಕೊಂಡು. ಹೋಲಿಸಿ ನೋಡೋಕೆ ಪಕ್ಕದ ಡಿಶ್‌ಗೆ ಬರೀ ಆಲ್ಕೋಹಾಲ್, ಅಷ್ಟೇ ಪ್ರಮಾಣ. ಐದಾರು ದಿನ ಬಿಟ್ಟು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಆಲ್ಕೋಹಾಲ್ ಡಿಶ್‌ನಲ್ಲಿ ಕಾಲಿಡಕ್ಕೂ ಜಾಗ ಇಲ್ಲ, ಇನ್ನೊಂದ್ರಲ್ಲಿ ಅಲ್ಲಲ್ಲಿ ಖಾಲಿ ಖಾಲಿ, ಕೆಲವು ಸೆಲ್ ಮುದುರಿ ತಳ ಬಿಟ್ಟು ತೇಲ್ತಿರ್ತವೆ. ನೋಡಿದೋರಿಗೆ ಖುಷಿ ಆಗೋದು ಸಹಜ, ನಮಗೂ ಆಗಿತ್ತು.

ಯಾಕೆ ಹಾಗಾಗುತ್ತೆ ಅಂದ್ರೆ, ಕ್ಯಾಲ್ಸಿಟ್ರಯಾಲ್ ಸೆಲ್ ಒಳಗಿರೋ ರಿಸೆಪ್ಟರಿಗೆ, ಅಂದ್ರೆ ಅದನ್ನ ಹಿಡ್ಕೊಳ್ಳೋ ಪ್ರೋಟೀನಿಗೆ ಅಂಟ್ಕೊಂಡು ಡಿಎನ್‌ಎ ಮೇಲೆ ಕೂತು ಪಿ21, ಪಿ27 ಅನ್ನೋ ಪ್ರೋಟೀನ್ ಜಾಸ್ತಿ ಮಾಡ್ಸುತ್ತೆ, ಅವು ಸೆಲ್ ಎರಡಾಗೋಕೆ ಡಿಎನ್‌ಎ ಕಾಪಿ ಮಾಡ್ಕೊಳ್ಳೋ ಮುಂಚೇನೇ ತಡೆದು ನಿಲ್ಲಿಸ್ತವೆ. ಇದು ಹೊಸ ಸುದ್ದೀನೂ ಅಲ್ಲ, ಸ್ತನ ಕ್ಯಾನ್ಸರ್ ಸೆಲ್‌ನಲ್ಲಿ ಈ ರಿಸೆಪ್ಟರ್ ಇದೆ ಅಂತ ಜಾನ್ ಐಸ್ಮನ್ ಮತ್ತವರ ಜೊತೆಯವರು 1979ರಲ್ಲೇ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬರೆದಿದ್ರು. ಮತ್ತೆ ಎಲ್ಲಾ ಸೆಲ್ಲೂ ಹೀಗೆ ಬಗ್ಗಲ್ಲ, ಎಂಡಿಎ-ಎಂಬಿ-231 ಅಂತ ಒಂದಿದೆ, ಹಾರ್ಮೋನ್ ಮಾತ್ರೆಗೆ ಬಗ್ಗದ ಟ್ರಿಪಲ್ ನೆಗೆಟಿವ್ ಜಾತಿದು, ಅದು ಅಷ್ಟಾಗಿ ಕೇರ್ ಮಾಡಲ್ಲ.

ನಿಮ್ಮ ವರದೀಲಿ ಇಲ್ಲದೇ ಇದ್ದಿದ್ದು ಡೋಸ್ ವಿಷ್ಯ. ಡಿಶ್‌ಗೆ ಹಾಕೋ ಕ್ಯಾಲ್ಸಿಟ್ರಯಾಲ್ ನಮ್ಮ ರಕ್ತದಲ್ಲಿ ಇರೋದಕ್ಕಿಂತ ನೂರು ಪಟ್ಟು, ಎಷ್ಟೋ ಸಲ ಸಾವಿರ ಪಟ್ಟು ಜಾಸ್ತಿ ಇರುತ್ತೆ, ಅಷ್ಟು ಮೈಗೆ ಕೊಟ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಡುತ್ತೆ. ಹಂಗಂತ ಮೆಡಿಕಲ್ ಶಾಪಿನ 60,000 ಯೂನಿಟ್ ಸ್ಯಾಚೆಟ್ ವಾರಕ್ಕೆ ಒಂದರ ಬದ್ಲು ದಿನಾ ನುಂಗಿದ್ರೆ ಕ್ಯಾನ್ಸರ್ ಸಾಯುತ್ತೆ ಅನ್ಕೊಂಡ್ರೂ ತಪ್ಪೇ, ನುಂಗೋದು ಕ್ಯಾಲ್ಸಿಟ್ರಯಾಲ್ ಅಲ್ಲ, ಅದು ಲಿವರಲ್ಲಿ ಒಂದ್ಸಲ ಕಿಡ್ನಿಲಿ ಒಂದ್ಸಲ ಬದಲಾಗ್ಬೇಕು, ಆ ಎರಡನೇ ಹಂತಾನ ದೇಹ ಬಿಗಿಯಾಗಿ ಹಿಡ್ಕೊಂಡಿರುತ್ತೆ. ಸ್ತನದ ಸೆಲ್‌ಗಳೂ ತಾವೇ ಸ್ವಲ್ಪ ಕ್ಯಾಲ್ಸಿಟ್ರಯಾಲ್ ಮಾಡ್ಕೊಳ್ತವೆ ನಿಜ, ಅದಕ್ಕೇ ವಿಜ್ಞಾನಿಗಳು ಇನ್ನೂ ಇದರ ಬೆನ್ನು ಬಿಟ್ಟಿಲ್ಲ.

ಜನರ ಮೇಲೂ ನೋಡಿದಾರೆ ಸ್ವಾಮಿ. ಅಮೆರಿಕದ ವೈಟಲ್ ಅನ್ನೋ ಟ್ರಯಲ್‌ನಲ್ಲಿ 25,871 ಜನ, ಅರ್ಧ ಜನಕ್ಕೆ ದಿನಾ 2,000 ಯೂನಿಟ್ ವಿಟಮಿನ್ ಡಿ, ಉಳಿದೋರಿಗೆ ಡಮ್ಮಿ ಮಾತ್ರೆ, ಐದು ವರ್ಷದ ಮೇಲೆ ನೋಡಿದ್ರೆ ಸ್ತನ ಕ್ಯಾನ್ಸರ್ ಬಂದೋರ ಲೆಕ್ಕದಲ್ಲಿ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಕ್ಯಾನ್ಸರಿಂದ ಸತ್ತೋರ ಲೆಕ್ಕದಲ್ಲಿ ಮಾತ್ರ ಮೊದಲ ಎರಡು ವರ್ಷ ಬಿಟ್ಟು ನೋಡಿದಾಗ ಒಂಚೂರು ಆಸೆ ಕಾಣಿಸ್ತು, ಅದನ್ನೂ ಹೇಳ್ಬೇಕು.

ಇಷ್ಟೊಂದು ಬರೀತಿರೋದು ಯಾಕಂದ್ರೆ ನಮ್ಮ ಅತ್ತಿಗೆ ಆಪರೇಷನ್ ಆಗಿ ಈಗ ಸ್ತನ ಕ್ಯಾನ್ಸರ್ ಮತ್ತೆ ಬರದ ಹಾಗೆ ಕೊಡೋ ಲೆಟ್ರೋಜೋಲ್ ಮಾತ್ರೆ ಮೇಲಿದಾರೆ. ಆ ಮಾತ್ರೆ ಮೂಳೆ ಸವೆಸುತ್ತೆ ಅಂತ ಡಾಕ್ಟ್ರು ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟಿದಾರೆ, ಕೀಲು ನೋವಂತೂ ವಿಪರೀತ. ನಿಮ್ಮ ಪೇಪರ್ ಕಟ್ಟಿಂಗ್ ಇಟ್ಕೊಂಡು ಫೋನ್ ಮಾಡಿ, "ಡಿ ಸ್ಯಾಚೆಟ್ಟೇ ಕ್ಯಾನ್ಸರ್ ಕೊಲ್ಲುತ್ತಂತಲ್ಲೇ, ಮತ್ಯಾಕೆ ಈ ದರಿದ್ರ ಮಾತ್ರೆ, ನಿಲ್ಲಿಸಿಬಿಡ್ಲಾ?" ಅಂದ್ರು. ನಾನೇನೋ ಈ ಕೆಲ್ಸ ಮಾಡಿದೋಳು, ಬೇಡ ಅತ್ತಿಗೆ ಡಾಕ್ಟ್ರನ್ನ ಕೇಳದೆ ಒಂದೂ ನಿಲ್ಲಿಸ್ಬೇಡಿ ಅಂತ ಅರ್ಧ ಗಂಟೆ ಹೇಳ್ದೆ. 2022ರಲ್ಲಿ ನಮ್ಮ ದೇಶದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಬಂದೋರು ಸುಮಾರು 1.92 ಲಕ್ಷ ಅಂತ ಪ್ರಪಂಚದ ಕ್ಯಾನ್ಸರ್ ಲೆಕ್ಕ ಹಾಕೋ ಗ್ಲೋಬೋಕಾನ್ ಅಂದಾಜು, ಅಷ್ಟೂ ಮನೇಲಿ ಹೀಗೆ ಹೇಳೋರು ಇರ್ತಾರಾ?

ಕೇಳ್ಕೊಳ್ಳೋದು ಇಷ್ಟೇ, ಇಂಥ ಸುದ್ದಿ ಹಾಕಿ, ಖಂಡಿತ ಹಾಕಿ, ಆದ್ರೆ ಸೆಲ್ ಮೇಲೋ ಇಲಿ ಮೇಲೋ ಜನರ ಮೇಲೋ ಅಂತ ಹೆಡ್‌ಲೈನಲ್ಲೋ ಮೊದಲ ಸಾಲಲ್ಲೋ ಇರ್ಲಿ, ಡೋಸ್ ಎಷ್ಟು ಅಂತ ಒಂದು ಸಾಲು ಇರ್ಲಿ. ಜಾಗ ಇಲ್ಲ ಅಂದ್ರೆ ಬಿಸಿಲಲ್ಲಿ ಕೈ ಚಾಚ್ಕೊಂಡು ನಿಂತಿರೋ ಮಾಡೆಲ್ ಫೋಟೋ ತೆಗೀರಿ, ಅರ್ಧ ಪುಟ ಅದೇ ತಿಂದಿತ್ತು.

ಇಂತಿ,
ಒಬ್ಬ ಹಳೇ ಲ್ಯಾಬ್ ಟೆಕ್ನಿಷಿಯನ್, ಹಾಸನ