ಎಸ್‌ಎಟಿ: ಗಡುವಿನಿಂದ ಹಿಂದಕ್ಕೆ ಎಣಿಸಿ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಕಾಲೇಜುಗಳಲ್ಲಿ ಪದವಿಗೆ ಸೇರಬಯಸುವ ಮಕ್ಕಳ ಮನೆಗಳಲ್ಲಿ ಅಲ್ಲಿನ ಪ್ರವೇಶಕ್ಕೆ ಬಳಸುವ ಎಸ್‌ಎಟಿ ಪರೀಕ್ಷೆಯ ಮಾತು ಶುರುವಾಗುವುದು ಸಾಮಾನ್ಯವಾಗಿ ದ್ವಿತೀಯ ಪಿಯು ತರಗತಿಗಳು ಆರಂಭವಾದ ಮೇಲೆ. ಅಷ್ಟರಲ್ಲಿ ಆ ವರ್ಷದ ಅರ್ಜಿಗೆ ಉಪಯೋಗಕ್ಕೆ ಬರುವ ಪರೀಕ್ಷೆಗಳು ಕೆಲವೇ ಉಳಿದಿರುತ್ತವೆ. ‘ಅರ್ಜಿಗೆ ನವೆಂಬರ್ 1 ಕೊನೇ ದಿನ, ಅಕ್ಟೋಬರ್‌ನಲ್ಲಿ ಪರೀಕ್ಷೆ ಇದೆಯಲ್ಲ, ಸಾಕು’ ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಅದರಲ್ಲಿ ಇರುವುದು ಪರೀಕ್ಷೆಯ ದಿನ ಮಾತ್ರ. ನೋಂದಣಿ ಮುಗಿಯುವ ದಿನ, ಫಲಿತಾಂಶ ಬರುವ ದಿನ, ಅಂಕ ಕಾಲೇಜಿಗೆ ತಲುಪುವ ದಿನ, ಈ ಮೂರೂ ಅದರಲ್ಲಿಲ್ಲ. ಮಕ್ಕಳು ಎಡವುವುದು ಇಲ್ಲೇ.

ಗಡುವುಗಳು ಮುಖ್ಯವಾಗಿ ಎರಡು ಗುಂಪು. ‘ಅರ್ಲಿ ಡಿಸಿಷನ್’ ಮತ್ತು ‘ಅರ್ಲಿ ಆಕ್ಷನ್’ ಎಂಬ, ಸಾಮಾನ್ಯ ಸುತ್ತಿಗಿಂತ ಮೊದಲೇ ಹಾಕುವ ಅರ್ಜಿಗಳಿಗೆ ಹೆಚ್ಚಿನ ಕಾಲೇಜುಗಳಲ್ಲಿ ನವೆಂಬರ್ 1, ಕೆಲವೆಡೆ ನವೆಂಬರ್ 15. ಇವುಗಳಲ್ಲಿ ಅರ್ಲಿ ಡಿಸಿಷನ್ ಕರಾರಿನಂತೆ: ಸೀಟು ಸಿಕ್ಕರೆ ಸೇರಲೇಬೇಕು. ಸಾಮಾನ್ಯ ಸುತ್ತಿನ ಅರ್ಜಿಗಳಿಗೆ ಬಹುಪಾಲು ಕಾಲೇಜುಗಳು ಜನವರಿಯ ಮೊದಲ ಎರಡು ವಾರಗಳಲ್ಲಿ ಬಾಗಿಲು ಹಾಕುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳದ್ದು ಬೇರೆಯೇ ದಾರಿ. ಅಲ್ಲಿ ಗಡುವು ನವೆಂಬರ್ ಕೊನೆಗೆ ಬೀಳುತ್ತದೆ, ಪ್ರವೇಶದ ತೀರ್ಮಾನಕ್ಕೆ ಎಸ್‌ಎಟಿ ಅಂಕವನ್ನು ನೋಡುವುದೇ ಇಲ್ಲ.

ಇನ್ನು ಪರೀಕ್ಷೆಯ ಕಡೆ ಬರೋಣ. ಎಸ್‌ಎಟಿ ಆಗಸ್ಟ್, ಅಕ್ಟೋಬರ್, ನವೆಂಬರ್, ಡಿಸೆಂಬರ್, ಮಾರ್ಚ್, ಮೇ ಮತ್ತು ಜೂನ್ ತಿಂಗಳುಗಳಲ್ಲಿ ನಡೆಯುತ್ತದೆ. 2025ರಲ್ಲಿ ಸೆಪ್ಟೆಂಬರ್ ಕೂಡ ಸೇರಿತು. ನೋಂದಣಿ ಪರೀಕ್ಷೆಗೆ ಸುಮಾರು ಎರಡು ವಾರ ಮೊದಲೇ ಮುಗಿಯುತ್ತದೆ, ಫಲಿತಾಂಶ ಪರೀಕ್ಷೆಯಾಗಿ ಸುಮಾರು ಎರಡು ವಾರಕ್ಕೆ ಬರುತ್ತದೆ. ಈ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ವಿಷಯ ಸ್ಪಷ್ಟ: ಒಂದು ಪರೀಕ್ಷೆಯ ಅಂಕ ನೋಡಿ ಮುಂದಿನದಕ್ಕೆ ಹೆಸರು ಕೊಡಬೇಕಾದರೆ ಎರಡರ ನಡುವೆ ನಾಲ್ಕು ವಾರಕ್ಕಿಂತ ಹೆಚ್ಚು ಅಂತರ ಬೇಕು. 2025ರಲ್ಲಿ ಸೆಪ್ಟೆಂಬರ್ 13ರ ಪರೀಕ್ಷೆಗೂ ಅಕ್ಟೋಬರ್ 4ರ ಪರೀಕ್ಷೆಗೂ ನಡುವೆ ಇದ್ದದ್ದು ಮೂರೇ ವಾರ. ಸೆಪ್ಟೆಂಬರ್‌ನ ಅಂಕ ಕೈಗೆ ಬರುವ ಹೊತ್ತಿಗೆ ಅಕ್ಟೋಬರ್‌ನ ನೋಂದಣಿ ಮುಗಿದಿರುತ್ತದೆ. ನವೆಂಬರ್–ಡಿಸೆಂಬರ್ ಜೋಡಿಯೂ ಹೆಚ್ಚುಕಡಿಮೆ ಇಷ್ಟೇ ಇಕ್ಕಟ್ಟಿನದು. ಸಾಲದ್ದಕ್ಕೆ, ಹತ್ತಿರದ ಪರೀಕ್ಷಾ ಕೇಂದ್ರಗಳಲ್ಲಿ ಸೀಟುಗಳು ಕೊನೇ ದಿನದವರೆಗೆ ಕಾದಿರುವುದಿಲ್ಲ. ತಡವಾಗಿ ಬಂದವರಿಗೆ ಉಳಿಯುವುದು ದೂರದ ಊರಿನ ಕೇಂದ್ರ, ಅಂದರೆ ಹಿಂದಿನ ರಾತ್ರಿಯ ಪ್ರಯಾಣ ಮತ್ತು ನಿದ್ದೆಗೆಟ್ಟ ಬೆಳಗು.

ಹೀಗಾಗಿ ನವೆಂಬರ್ 1ರ ಗಡುವಿಗೆ ಅಕ್ಟೋಬರ್ ಪರೀಕ್ಷೆಯನ್ನು ಮೊದಲ ಪ್ರಯತ್ನವಾಗಿ ಇಟ್ಟುಕೊಳ್ಳಬಾರದು. ಅದು ಆಪತ್ಕಾಲಕ್ಕೆ ಇರಲಿ. ಅಕ್ಟೋಬರ್‌ನ ಮೊದಲ ಶನಿವಾರ ಬರೆದರೆ ಅಂಕ ತಿಂಗಳ ಮಧ್ಯಕ್ಕೆ ಸಿಗುತ್ತದೆ. ಅದೇ ಸಮಯದಲ್ಲಿ ಪ್ರಬಂಧಗಳು, ಉಪನ್ಯಾಸಕರ ಶಿಫಾರಸು ಪತ್ರ, ಅಂಕಪಟ್ಟಿಗಳ ಪ್ರತಿ, ಹಣಕಾಸು ನೆರವಿನ ಫಾರಂ ಎಲ್ಲವೂ ತಲೆಯ ಮೇಲಿರುತ್ತವೆ. ಅಂಕ ಕಡಿಮೆ ಬಂದರೆ ಮತ್ತೆ ಬರೆಯಲು ದಾರಿಯಿಲ್ಲ, ಏಕೆಂದರೆ ನವೆಂಬರ್ ಪರೀಕ್ಷೆ ಗಡುವು ದಾಟಿದ ಮೇಲೆ ಬರುತ್ತದೆ. ಕೆಲವು ಕಾಲೇಜುಗಳು ನವೆಂಬರ್ ಅಂಕವನ್ನೂ ಅರ್ಲಿ ಸುತ್ತಿಗೆ ಸೇರಿಸಿಕೊಳ್ಳುತ್ತವೆ ನಿಜ. ಆದರೆ ಆ ಮಾತನ್ನು ಆಯಾ ಕಾಲೇಜಿನ ಪ್ರವೇಶ ಪುಟದಲ್ಲೇ ಓದಿ ಖಚಿತಪಡಿಸಿಕೊಳ್ಳಬೇಕು, ಯಾರೋ ಹೇಳಿದರೆಂದು ನಂಬಬಾರದು.

ನಮ್ಮ ಮಟ್ಟಿಗೆ ಸರಿಹೊಂದುವ ಕ್ರಮ ಇದು: ಪ್ರಥಮ ಪಿಯು ಮುಗಿಯುತ್ತಿದ್ದಂತೆ ಮೇ ಅಥವಾ ಜೂನ್‌ನಲ್ಲಿ ಮೊದಲ ಸಲ, ಆಗಸ್ಟ್‌ನಲ್ಲಿ ಎರಡನೇ ಸಲ. ಜುಲೈನಲ್ಲಿ ಎಸ್‌ಎಟಿ ಇಲ್ಲ. ಆ ಬಿಡುವನ್ನು ಮೊದಲ ಸಲ ತಪ್ಪಿದ ಕಡೆ ತಿದ್ದಿಕೊಳ್ಳಲು ಬಳಸಬಹುದು. ಆಗಸ್ಟ್ ಅಂಕ ಸೆಪ್ಟೆಂಬರ್ ಆರಂಭಕ್ಕೆ ಬರುವುದರಿಂದ ಅಕ್ಟೋಬರ್ ಬೇಕೋ ಬೇಡವೋ ಎಂದು ಯೋಚಿಸಲು ಇನ್ನೂ ಎರಡು ವಾರದಷ್ಟು ಸಮಯವಿರುತ್ತದೆ. ಮಾರ್ಚ್ ಪರೀಕ್ಷೆ ಇಲ್ಲಿನ ವಾರ್ಷಿಕ ಪರೀಕ್ಷೆಗಳ ಹತ್ತಿರ ಬೀಳುವುದರಿಂದ ಅನೇಕರಿಗೆ ಅದು ಹೊರೆ. ಸಾಮಾನ್ಯ ಸುತ್ತಿಗೆ ಮಾತ್ರ ಅರ್ಜಿ ಹಾಕುವವರಿಗೆ ಡಿಸೆಂಬರ್ ಕೊನೇ ಅವಕಾಶ. ಅದರ ಫಲಿತಾಂಶ ಕ್ರಿಸ್‌ಮಸ್ ರಜೆಗೆ ತಾಗಿಕೊಂಡೇ ಬರುತ್ತದೆ. ಏನಾದರೂ ತೊಡಕಾದರೆ ಕಾಲೇಜಿನ ಕಚೇರಿಯಲ್ಲಿ ಉತ್ತರಿಸುವವರು ಸಿಗುವುದು ಕಷ್ಟ.

ಅಂಕ ಕಳಿಸುವ ನಿಯಮದ ಬಗ್ಗೆ ಹೆಚ್ಚು ಗೊಂದಲವಿದೆ. ನೋಂದಾಯಿಸಿದವರು ನಾಲ್ಕು ಕಾಲೇಜುಗಳಿಗೆ ಉಚಿತವಾಗಿ ಅಂಕ ಕಳಿಸಬಹುದು, ಆದರೆ ಪರೀಕ್ಷೆಯಾಗಿ ಒಂಬತ್ತು ದಿನದೊಳಗೆ ಹೆಸರು ಸೂಚಿಸಬೇಕು. ಫಲಿತಾಂಶ ಅದಕ್ಕೂ ಆಮೇಲೆ. ಅಂದರೆ ಉಚಿತ ಬೇಕೆಂದರೆ ಅಂಕ ನೋಡದೆಯೇ ಕಳಿಸಬೇಕು. ಮೊದಲ ಪ್ರಯತ್ನದಲ್ಲಿ ಇದನ್ನು ಬಳಸದಿರುವುದೇ ಲೇಸು. ಆಮೇಲೆ ಕಳಿಸಲು ಶುಲ್ಕ ಬಿದ್ದರೂ ಸರಿ. ಅನೇಕ ಕಾಲೇಜುಗಳು ಅರ್ಜಿಯಲ್ಲಿ ನಾವೇ ನಮೂದಿಸಿದ ಅಂಕವನ್ನು ಒಪ್ಪಿ, ಸೇರ್ಪಡೆಯಾದ ಮೇಲೆ ಮಾತ್ರ ಅಧಿಕೃತ ವರದಿ ಕೇಳುತ್ತವೆ. ಅಂಥ ಕಡೆ ಈ ಖರ್ಚೂ ಬೇಡ, ತಲುಪಿತೋ ಇಲ್ಲವೋ ಎಂಬ ಆತಂಕವೂ ಬೇಡ. ಜಾರ್ಜ್‌ಟೌನ್‌ನಂಥ ಕಾಲೇಜು ಬರೆದ ಎಲ್ಲ ಪ್ರಯತ್ನಗಳ ಅಂಕವನ್ನೂ ಕೇಳುತ್ತದೆ. ಅಲ್ಲಿ ‘ಸುಮ್ಮನೆ ಒಮ್ಮೆ ಬರೆದು ನೋಡೋಣ’ ಎಂದು ತಯಾರಿಯಿಲ್ಲದೆ ಕೂರುವುದು ಜಾಣತನವಲ್ಲ.

ಪರೀಕ್ಷೆ ಐಚ್ಛಿಕ ಎಂಬ ಹಳೆಯ ಸುದ್ದಿಯನ್ನು ನೆಚ್ಚಿಕೊಂಡವರೂ ಇದ್ದಾರೆ. ಎಂಐಟಿ 2022ರಲ್ಲೇ ಪರೀಕ್ಷೆಯನ್ನು ಮತ್ತೆ ಕಡ್ಡಾಯಗೊಳಿಸಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಅದೇ ನಿರ್ಧಾರ ಪ್ರಕಟಿಸಿದವು. ಆದ್ದರಿಂದ ಕಾಲೇಜುಗಳ ಪಟ್ಟಿ ಪ್ರಥಮ ಪಿಯು ಅರ್ಧವಾಗುವಷ್ಟರಲ್ಲಿ, ಕರಡಾದರೂ ಸರಿ, ಸಿದ್ಧವಿರಬೇಕು. ಪಟ್ಟಿಯಿಲ್ಲದೆ ಪರೀಕ್ಷೆಯ ತಿಂಗಳು ನಿರ್ಧರಿಸಲಾಗದು.

ಹೆಸರಿನ ವಿಷಯವೊಂದು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದನ್ನೇ ಬಿಡಿಸಿ ಬರೆದ ತಂದೆಯ ಅಥವಾ ಊರಿನ ಹೆಸರು, ಇದು ನಮ್ಮಲ್ಲಿ ಮಾಮೂಲು. ನೋಂದಣಿಯ ಹೆಸರು ಕೇಂದ್ರದಲ್ಲಿ ತೋರಿಸುವ ಗುರುತಿನ ದಾಖಲೆಯ ಹೆಸರಿಗೆ ಹೊಂದದಿದ್ದರೆ ಒಳಗೆ ಬಿಡದಿರಬಹುದು. ಪಾಸ್‌ಪೋರ್ಟ್ ಇಲ್ಲದವರು ಅದನ್ನು ಮೊದಲು ಮಾಡಿಸಿಕೊಂಡು, ಅದರಲ್ಲಿರುವಂತೆಯೇ ನೋಂದಾಯಿಸಿಕೊಳ್ಳಲಿ. ಇಂಗ್ಲಿಷ್ ಭಾಷಾ ಪರೀಕ್ಷೆಗಳಾದ ಟೋಫೆಲ್, ಐಇಎಲ್‌ಟಿಎಸ್ ಅಂಕಗಳಿಗೆ ಎರಡು ವರ್ಷದ ಬಾಳಿಕೆ ಇರುವುದರಿಂದ ಅವನ್ನು ಆಗಸ್ಟ್–ಸೆಪ್ಟೆಂಬರ್‌ಗೆ ಇಟ್ಟುಕೊಂಡರೆ ತೊಂದರೆಯಿಲ್ಲ.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟೇ. ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿ ಪರೀಕ್ಷೆಯ ದಿನ ಒಂದು ಸುದ್ದಿಯಾಗಿ, ಅರ್ಜಿಯ ಗಡುವು ಮತ್ತೊಂದು ಸುದ್ದಿಯಾಗಿ ಬೇರೆಬೇರೆ ದಿನ ಬರುತ್ತವೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಒಮ್ಮೆ, ಪ್ರತಿ ಪರೀಕ್ಷೆಗೂ ನೋಂದಣಿ ಮುಗಿಯುವ ದಿನ, ಪರೀಕ್ಷೆಯ ದಿನ, ಫಲಿತಾಂಶದ ದಿನ ಮತ್ತು ಅದು ಯಾವ ಗಡುವಿಗೆ ಒದಗುತ್ತದೆ ಎಂಬುದನ್ನು ಒಂದೇ ಸಾಲಿನಲ್ಲಿ ಕೊಡುವ ಕೋಷ್ಟಕವನ್ನು ಪ್ರಕಟಿಸಿ. ಏಪ್ರಿಲ್ ಎಂದು ಬೇಕೆಂದೇ ಹೇಳುತ್ತಿದ್ದೇವೆ: ಜೂನ್ ಪರೀಕ್ಷೆಗೆ ಹೆಸರು ಕೊಡಲು ಆಗ ಇನ್ನೂ ಅವಕಾಶವಿರುತ್ತದೆ.

ಇಂತಿ,
ಕಾಲೇಜು ಪ್ರವೇಶ ಮಾರ್ಗದರ್ಶಕರು