ತಾಯಿಗೂ ಅಲ್ಲೇ ಒಂದು ಮಂಚ ಕೊಡಿ

ಮಾನ್ಯ ಸಂಪಾದಕರೇ,

ನನ್ನ ಅವಳಿ ಹೆಣ್ಣುಮಕ್ಕಳಿಗೆ ಈಗ ಎರಡು ವರ್ಷ. ಹುಟ್ಟಿದ್ದು 30ನೇ ವಾರಕ್ಕೆ. ಒಬ್ಬಳು 1,250 ಗ್ರಾಂ, ಇನ್ನೊಬ್ಬಳು 1,080 ಗ್ರಾಂ. ಹೆಸರಿಡುವ ಮೊದಲೇ ಕಾಲಿಗೆ ಪಟ್ಟಿ ಕಟ್ಟಿ ‘ಟ್ವಿನ್ 1’, ‘ಟ್ವಿನ್ 2’ ಅಂತ ಬರೆದಿದ್ದರು. ನವೆಂಬರ್ 17ಕ್ಕೆ ವಿಶ್ವ ಅವಧಿಪೂರ್ವ ಶಿಶುಗಳ ದಿನ. ಆ ನೆಪದಲ್ಲಿ ಒಂದು ಮಾತು ಹೇಳಬೇಕಿದೆ.

ಹೆರಿಗೆ ಆದದ್ದು ನಮ್ಮ ಊರಿನ ಸಣ್ಣ ನರ್ಸಿಂಗ್ ಹೋಮ್‌ನಲ್ಲಿ, ಸಿಸೇರಿಯನ್. ಅಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯು ಇರಲಿಲ್ಲ. ಮಕ್ಕಳನ್ನು ಆಂಬುಲೆನ್ಸ್‌ನಲ್ಲಿ 60 ಕಿ.ಮೀ. ದೂರದ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಹೆಂಡತಿ ಹೊಲಿಗೆ ಹಾಕಿಸಿಕೊಂಡು ಇಲ್ಲೇ ಉಳಿದಳು. ಐದು ದಿನ ಅವಳು ಮಕ್ಕಳ ಮುಖ ನೋಡಿದ್ದು ನನ್ನ ಮೊಬೈಲ್‌ನಲ್ಲಿ ಮಾತ್ರ.

ಅವಳು ಕೈಯಿಂದ ಹಿಂಡಿ ತೆಗೆದ ಹಾಲನ್ನು ಐಸ್ ಇಟ್ಟ ಡಬ್ಬಿಯಲ್ಲಿ ನಾನು ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಮೊದಲ ದಿನ ಬಂದದ್ದು ಒಂದು ಚಮಚವೂ ಇರಲಿಲ್ಲ. ಅವಳು ತುಂಬಾ ಅತ್ತಳು. ನಾನೂ ನಾಚಿಕೊಂಡೇ ಅದನ್ನು ಸಿಸ್ಟರ್ ಕೈಗೆ ಕೊಟ್ಟೆ. ಅವರು, ‘ಇಷ್ಟೇ ಸಾಕು ಅಣ್ಣಾ, ಒಂದು ಸಲಕ್ಕೆ ಒಂದೊಂದು ಎಂಎಲ್ ಅಷ್ಟೇ ಕೊಡೋದು. ಇದು ಔಷಧಿ ಇದ್ದ ಹಾಗೆ’ ಅಂದರು. ಆ ಮಾತನ್ನು ಫೋನಿನಲ್ಲಿ ಹೇಳಿದಾಗಲೇ ಅವಳು ಅವತ್ತು ಊಟ ಮಾಡಿದ್ದು.

ಒಳಗೆ ಬಿಡುತ್ತಿದ್ದದ್ದು ಬೆಳಿಗ್ಗೆ 15 ನಿಮಿಷ, ಸಂಜೆ 15 ನಿಮಿಷ. ಮಕ್ಕಳಿಬ್ಬರೂ ಬೇರೆ ಬೇರೆ ಮೂಲೆಯಲ್ಲಿದ್ದರು. ಒಬ್ಬಳ ಹತ್ತಿರ ನಿಂತರೆ ಇನ್ನೊಬ್ಬಳಿಗೆ ಅನ್ಯಾಯ ಮಾಡಿದ ಹಾಗೆ ಅನಿಸುತ್ತಿತ್ತು. ಉಳಿದ ಹೊತ್ತೆಲ್ಲ ಕಾರಿಡಾರ್‌ನ ಕುರ್ಚಿ. ‘ಟ್ವಿನ್ಸ್ ಕಡೆಯವರು ಯಾರು?’ ಅಂತ ಬಾಗಿಲಿನಿಂದ ಕೂಗಿದಾಗೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಹೆಚ್ಚಿನ ಸಲ ಔಷಧಿ ಚೀಟಿ ಕೊಡಲು ಕೂಗಿರುತ್ತಿದ್ದರು. ಆದರೆ ಅದು ಕೈಗೆ ಬರುವವರೆಗೆ ನಮಗೆ ಹೇಗೆ ಗೊತ್ತಾಗಬೇಕು?

ಹೆಂಡತಿ ಡಿಸ್ಚಾರ್ಜ್ ಆಗಿ ಬಂದ ಮೇಲೂ ಅವಳಿಗೆ ಅಲ್ಲಿ ಮಲಗಲು ಜಾಗ ಇರಲಿಲ್ಲ. ಹೊಲಿಗೆ ಒಣಗದ ಬಾಣಂತಿ ಅದೇ ಕುರ್ಚಿಯಲ್ಲಿ ಕೂರಬೇಕಾಯಿತು. ಊರಿನಿಂದ ಹಿರಿಯರು ಬೇರೆ ಫೋನ್ ಮಾಡಿ, ‘ಬಾಣಂತಿ ಗಾಳಿಗೆ ಓಡಾಡಬಾರದು, ಮನೆಗೆ ಕಳಿಸು’ ಅನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳಿದ್ದು, ನಿಜ. ಆದರೆ ಆ ಮಕ್ಕಳಿಗೆ ಬೇಕಿದ್ದದ್ದು ಅಮ್ಮನೇ.

ಹನ್ನೆರಡನೇ ದಿನ ಒಬ್ಬ ಹಿರಿಯ ಸಿಸ್ಟರ್ ನಮ್ಮಿಬ್ಬರನ್ನೂ ಒಳಗೆ ಕರೆದು ಕೂರಿಸಿದರು. ಟೋಪಿ, ಡೈಪರ್ ಮಾತ್ರ ಹಾಕಿದ್ದ ದೊಡ್ಡವಳನ್ನು ಅಮ್ಮನ ಎದೆಯ ಮೇಲೆ ನೆಟ್ಟಗೆ ಮಲಗಿಸಿ ಬಟ್ಟೆ ಸುತ್ತಿದರು. ಚಿಕ್ಕವಳನ್ನು ನನಗೆ ಕೊಟ್ಟರು. ‘ನಾನಾ?’ ಅಂದೆ. ‘ಅಪ್ಪನ ಎದೆಯೂ ಬೆಚ್ಚಗೇ ಇರುತ್ತೆ, ಶರ್ಟ್ ಬಿಚ್ಚಿ’ ಅಂದರು. ಚಿಕ್ಕವಳು ಆಗಾಗ ಉಸಿರಾಡುವುದನ್ನೇ ಮರೆಯುತ್ತಿದ್ದಳು. ಮಾನಿಟರ್ ಕೂಗಿಕೊಳ್ಳುತ್ತಿತ್ತು, ಸಿಸ್ಟರ್ ಬಂದು ಅಂಗಾಲು ತಟ್ಟುತ್ತಿದ್ದರು. ಆ ಒಂದು ಗಂಟೆ ಅದು ಒಂದು ಸಲವೂ ಕೂಗಲಿಲ್ಲ.

ಇದು ಹೊಸ ಪ್ರಯೋಗವೇನಲ್ಲ. ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದ ಕೊನೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾ. ಎಡ್ಗರ್ ರೇ ಶುರು ಮಾಡಿದ ಕಾಂಗರೂ ಆರೈಕೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಮಗು ಸ್ಥಿರವಾಗಲಿ ಅಂತ ಕಾಯದೆ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದ ಗುಂಪಿನಲ್ಲಿ ಮೊದಲ 28 ದಿನಗಳ ಸಾವು ನೂರಕ್ಕೆ 12. ಕಾದು ಶುರು ಮಾಡಿದ ಗುಂಪಿನಲ್ಲಿ 15.7. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಅದರಲ್ಲಿತ್ತು. ಅಲ್ಲಿ ಎನ್‌ಐಸಿಯು ಒಳಗೇ ಮಗುವಿನ ಪಕ್ಕದಲ್ಲಿ ತಾಯಿಗೆ ಮಂಚ ಹಾಕಿದ್ದರು. ಹೆತ್ತವರನ್ನು ಬಿಟ್ಟರೆ ಸೋಂಕು ಬರುತ್ತದೆ ಅನ್ನುವವರು ಇದನ್ನು ಗಮನಿಸಬೇಕು. ಕೂಡಲೇ ಶುರು ಮಾಡಿದ ಗುಂಪಿನಲ್ಲಿ ಸೋಂಕಿನ ಲಕ್ಷಣಗಳೂ ಕಡಿಮೆಯೇ ಇದ್ದವು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ, ದಿನಕ್ಕೆ 8ರಿಂದ 24 ಗಂಟೆ, ಎಷ್ಟಾಗುತ್ತೋ ಅಷ್ಟು ಹೊತ್ತು ಕಾಂಗರೂ ಆರೈಕೆ ಕೊಡಿ ಅಂತ ಹೇಳಿತು. ನಮಗೆ ಸಿಕ್ಕಿದ್ದು ದಿನಕ್ಕೆ ಅರ್ಧ ಗಂಟೆ ನೋಡುವ ಅವಕಾಶ.

ಅಪ್ಪ ಅಮ್ಮನಿಗೆ ಕೈ ತೊಳೆಯುವುದರಿಂದ ಹಿಡಿದು ಎಲ್ಲ ಕಲಿಸಿ ಆರೈಕೆಯಲ್ಲಿ ಸೇರಿಸಿಕೊಳ್ಳಿ ಅಂತ ಕೇಂದ್ರ ಸರ್ಕಾರ 2017ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ನಮ್ಮ ಕೊಪ್ಪಳದಲ್ಲಿ ಇಡೀ ಜಿಲ್ಲೆಯ ಮಟ್ಟದಲ್ಲಿ ಕಾಂಗರೂ ಆರೈಕೆ ಮಾಡಿಸಿ ತೋರಿಸಿದ್ದಾರೆ. ಕೊಪ್ಪಳದಲ್ಲಿ ಆಗಿದ್ದು ಬೇರೆ ಕಡೆ ಯಾಕೆ ಆಗಬಾರದು?

ಒಳಗೆ ಇದ್ದರೆ ಇನ್ನೊಂದು ಉಪಯೋಗ, ತಿಳಿವಳಿಕೆ. ಇಷ್ಟು ಬೇಗ ಹುಟ್ಟಿದ ಮಕ್ಕಳಿಗೆ 30 ದಿನದೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು. ತಪ್ಪಿದರೆ ದೃಷ್ಟಿಯೇ ಹೋಗಬಹುದು. ಹೆಂಡತಿ ಪಕ್ಕದ ಮಗುವಿನ ತಾಯಿಯಿಂದ ಕೇಳಿ ತಿಳಿದು, ನಮ್ಮ ಮಕ್ಕಳದ್ದು ಯಾವಾಗ ಅಂತ ವಿಚಾರಿಸಿದ್ದಳು. 2008ರಿಂದ ಕಿಡ್‌ರಾಪ್ ಯೋಜನೆಯವರು ರಾಜ್ಯದ ಜಿಲ್ಲೆಗಳಿಗೆ ಕ್ಯಾಮೆರಾ ಒಯ್ದು ಇಂಥ ಮಕ್ಕಳ ಕಣ್ಣು ನೋಡುತ್ತಿದ್ದಾರೆ. ಕಾರಿಡಾರ್‌ನಲ್ಲಿ ಕೂತವರಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ?

ದೊಡ್ಡವಳು 46ನೇ ದಿನ ಮನೆಗೆ ಬಂದಳು. ಚಿಕ್ಕವಳು ಬಂದದ್ದು 58ನೇ ದಿನ. ಮನೆಗೆ ಹೋದ ಮಗುವನ್ನು ಮತ್ತೆ ಒಳಗೆ ತರುವ ಹಾಗಿಲ್ಲ. ಆ ಹನ್ನೆರಡು ದಿನ ನನ್ನ ಹೆಂಡತಿ ಒಂದು ಮಗುವನ್ನು ಆರಿಸಿಕೊಳ್ಳಬೇಕಾಯಿತು. ಈ ಸಂಕಟ ಅವಳಿಗಳ ತಾಯಿಗೆ ಮಾತ್ರ ಗೊತ್ತು. ಅಷ್ಟೊತ್ತಿಗೆ ನನ್ನನ್ನು ಒಳಗೆ ಬಿಡುತ್ತಿದ್ದರು. ಹಾಗಾಗಿ ಚಿಕ್ಕವಳನ್ನು ಎದೆಗೆ ಕಟ್ಟಿಕೊಂಡು ನಾನು ಕೂತೆ, ಸಂಬಳ ಇಲ್ಲದ ರಜೆಯಲ್ಲಿ. ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ನನ್ನಂಥ ಖಾಸಗಿ ನೌಕರರಿಗೆ ಅಂಥ ಕಾನೂನೇ ಇಲ್ಲ. ತಾಯಂದಿರ 26 ವಾರದ ರಜೆಯಲ್ಲೂ ಆಸ್ಪತ್ರೆಯಲ್ಲಿ ಕಳೆದ ಎರಡು ತಿಂಗಳು ಕಳೆದೇ ಹೋಗುತ್ತದೆ. ಬ್ರಿಟನ್‌ನಲ್ಲಿ 2025ರ ಏಪ್ರಿಲ್‌ನಿಂದ, ಮಗು ಇಂಥ ಆರೈಕೆಯಲ್ಲಿದ್ದರೆ ಅಪ್ಪ ಅಮ್ಮ ಇಬ್ಬರಿಗೂ 12 ವಾರದವರೆಗೆ ಬೇರೆಯೇ ರಜೆ ಕೊಡುತ್ತಿದ್ದಾರೆ. ನಮ್ಮ ಶಾಸಕರು, ಸಂಸದರು ಇದನ್ನು ಸದನದಲ್ಲಿ ಎತ್ತಬೇಕು.

ಸರ್ಕಾರಿ ಇರಲಿ, ಖಾಸಗಿ ಇರಲಿ, ಪ್ರತಿ ಎನ್‌ಐಸಿಯು ಹತ್ತಿರ ತಾಯಿಗೆ ಒಂದು ಮಂಚ ಬೇಕು. ಹಗಲು ರಾತ್ರಿ ಯಾವಾಗ ಬೇಕಾದರೂ ಅಪ್ಪ ಅಮ್ಮನನ್ನು ಒಳಗೆ ಬಿಡಬೇಕು. ಸಾಗಿಸುವಾಗ ಆದಷ್ಟು ಮಟ್ಟಿಗೆ ತಾಯಿ ಮಕ್ಕಳನ್ನು ಒಂದೇ ಆಸ್ಪತ್ರೆಗೆ ಸೇರಿಸಬೇಕು.

ಇದನ್ನು ಓದುವ ಯಾರಾದರೂ ಈಗ ಅಂಥದೊಂದು ಬಾಗಿಲ ಹೊರಗೆ ಕೂತಿದ್ದರೆ, ಇವತ್ತೇ ಸಿಸ್ಟರ್ ಹತ್ತಿರ ‘ನಮ್ಮ ಮಗುವಿಗೆ ಕಾಂಗರೂ ಯಾವಾಗ ಶುರು ಮಾಡಬಹುದು?’ ಅಂತ ಕೇಳಿ. ಇಲ್ಲ ಅಂದರೆ ನಾಳೆ ಮತ್ತೆ ಕೇಳಿ. ಬರುವಾಗ ಮುಂದೆ ಗುಂಡಿ ಇರುವ ಶರ್ಟ್ ಹಾಕಿಕೊಂಡು ಬನ್ನಿ.

– ಅವಳಿ ಮಕ್ಕಳ ತಂದೆ, ಹಾಸನ ಜಿಲ್ಲೆ